ಕೆರೆ ಗೋಡು ತೆಗೆಯೋ ಮುಂಚೆ ಒಂದಿಷ್ಟು ಲೆಕ್ಕ

ಬರಹ ಸ್ವಲ್ಪ ಉದ್ದ ಆಗಿದೆ, ರಾತ್ರಿ ಊಟ ಮುಗಿಸಿ ಕೂತಾಗ ಓದಿ.

ಈ ಬೇಸಿಗೆಗೆ ನಮ್ಮ ಕೆರೆ ಗೋಡು ತೆಗೆಯೋದು ಅಂತ ಅರಳಿಕಟ್ಟೆ ಸಭೆಯಲ್ಲಿ ತೀರ್ಮಾನ ಆಗಿದೆ. ಐದು ಎಕರೆ, ನಾಲ್ಕು ಅಡಿ ಆಳ, ಶಿವರಾತ್ರಿ ಕಳೆದ ಮೇಲೆ ಜೆಸಿಬಿ ಇಳಿಸೋದು, ಮನೆಮನೆಗೆ ಚಂದಾ. ಒಳ್ಳೇ ಕೆಲಸ, ಸಂತೋಷ. ಆದರೆ ಅವತ್ತು ನಡೆದ ಮಾತಲ್ಲಿ ಮುಕ್ಕಾಲು ಪಾಲು ಜೆಸಿಬಿ ಬಾಡಿಗೆ ಬಗ್ಗೆಯೇ ಆಯಿತು. ಕೆರೆಗೆ ನೀರು ಬರೋ ದಾರಿ ಯಾವ ಸ್ಥಿತಿಯಲ್ಲಿದೆ, ಮಣ್ಣು ಎಲ್ಲಿಗೆ ಹೋಗುತ್ತೆ, ಮಧ್ಯದಲ್ಲಿ ದುಡ್ಡು ಖಾಲಿಯಾದರೆ ಏನು, ಮಳೆ ಬಂದ ಮೇಲೆ ಏರಿ ನೋಡಿಕೊಳ್ಳೋರು ಯಾರು, ಇವು ಯಾವುದೂ ಬರಲಿಲ್ಲ. ನನ್ನ ಮಾತು ಇಷ್ಟು: ಸಂಕ್ರಾಂತಿ ಕಳೆದು ಈಗ ಉಳಿದಿರೋ ಆರು ವಾರದಲ್ಲಿ ಈ ನಾಲ್ಕು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಬೇಕು. ಆಗಲಿಲ್ಲ ಅಂದರೆ ಈ ವರ್ಷ ಜೆಸಿಬಿ ಅಂಗಳಕ್ಕೆ ಇಳಿಸೋದೇ ಬೇಡ. ಕಾಲುವೆ ಮತ್ತು ಕೋಡಿ ಕೆಲಸ ಮಾತ್ರ ಮಾಡೋಣ, ಗೋಡು ಮುಂದಿನ ಬೇಸಿಗೆಗೆ ಇರಲಿ. ಬೈಯೋರು ಪೂರ್ತಿ ಓದಿ ಬೈಯಿರಿ.

ಮೊದಲು ಲೆಕ್ಕ. ಒಂದು ಎಕರೆಗೆ ಒಂದು ಅಡಿ ಮಣ್ಣು ಅಂದರೆ 43,560 ಘನ ಅಡಿ. ನಮ್ಮ ಕಡೆ ಟ್ರೇಲರ್ ಹಲಗೆ ಮಟ್ಟಕ್ಕೆ ತುಂಬಿದರೆ ಹೆಚ್ಚುಕಮ್ಮಿ 100 ಘನ ಅಡಿ. ಅಲ್ಲಿಗೆ 435 ಲೋಡು ಆಯಿತು. ಆದರೆ ಗಟ್ಟಿಯಾಗಿ ಕೂತ ಮಣ್ಣು ಅಗೆದ ಮೇಲೆ ಉಬ್ಬುತ್ತೆ, ಕಾಲು ಭಾಗ ಜಾಸ್ತಿ ಆಗುತ್ತೆ ಅಂತ ಹಿಡಿದರೆ ಸುಮಾರು 540 ಲೋಡು. ಐದು ಎಕರೆಗೆ ನಾಲ್ಕು ಅಡಿ ಅಂದರೆ ಇದರ ಇಪ್ಪತ್ತರಷ್ಟು, 10,800 ಲೋಡು. ಸಭೆಯಲ್ಲಿ 'ಒಂದು ಮೂರು ವಾರದ ಕೆಲಸ' ಅಂದ ಅಣ್ಣನಿಗೆ ಈ ಸಂಖ್ಯೆ ಒಂದು ಸಲ ತೋರಿಸಿ.

ಜೆಸಿಬಿ ಒಂದು ಟ್ರೇಲರ್ ತುಂಬೋಕೆ ಆರು ನಿಮಿಷ ಅಂತ ಇಟ್ಟುಕೊಳ್ಳಿ. ಗಂಟೆಗೆ ಹತ್ತು ಲೋಡು, ಎಂಟು ಗಂಟೆಗೆ 80. ಎರಡು ಜೆಸಿಬಿ ಇಳಿಸಿದರೆ ದಿನಕ್ಕೆ 160. ಅಂದರೆ 10,800 ಲೋಡಿಗೆ 68 ದಿನ. ಮಾರ್ಚ್ 1ಕ್ಕೆ ಶುರು ಮಾಡಿದರೆ ಮೇ ಮೊದಲ ವಾರ. ಅದೂ ಒಂದು ದಿನ ನಿಲ್ಲದೆ ನಡೆದರೆ. ಯುಗಾದಿ ಇದೆ, ಊರ ಜಾತ್ರೆ ಇದೆ, ಮದುವೆ ದಿನಗಳಿವೆ, ಜೆಸಿಬಿ ಹೋಸ್ ಕಿತ್ತುಹೋಗೋದಿದೆ. ಹದಿನೈದು ದಿನ ಹಿಂಗೆ ಹೋದರೆ ಮೇ 20 ದಾಟುತ್ತೆ. ಅಷ್ಟೊತ್ತಿಗೆ ಭರಣಿ ಮುಗಿದು ಕೃತ್ತಿಕೆ ಮಳೆ ನಡೀತಿರುತ್ತೆ. ಒಂದು ಹದ ಮಳೆ ಬಿದ್ದರೆ ಸಾಕು, ಅಂಗಳ ಕೆಸರಾಗಿ ಟ್ರ್ಯಾಕ್ಟರ್ ಇಳಿಯಲ್ಲ. ಉಳಿದ ಕೆಲಸ ಹಂಗೇ ಉಳೀತು ಅಂತಲೇ ಅರ್ಥ.

ಹಾಗಾದರೆ ಮೂರು ಜೆಸಿಬಿ ಇಳಿಸೋಣ ಅಂತೀರಿ. ದಿನಕ್ಕೆ 240 ಲೋಡು, 45 ದಿನ, ತಡ ಆಗೋದೆಲ್ಲ ಸೇರಿಸಿದರೂ ಏಪ್ರಿಲ್ ಕೊನೆಗೆ ಮುಗೀತು. ಲೆಕ್ಕ ಸರಿ. ಆದರೆ ಟ್ರ್ಯಾಕ್ಟರ್ ಎಲ್ಲಿಂದ ತರ್ತೀರಿ? ತುಂಬಿಸಿಕೊಂಡು ಹೋಗಿ, ಹೊಲದಲ್ಲಿ ಸುರಿದು, ವಾಪಸ್ ಬರೋಕೆ ಅರ್ಧ ಗಂಟೆ ಬೇಕು ಅಂದರೆ ಒಂದು ಜೆಸಿಬಿ ಖಾಲಿ ನಿಲ್ಲದಂಗೆ ನೋಡಿಕೊಳ್ಳೋಕೆ ಐದಾರು ಟ್ರ್ಯಾಕ್ಟರ್ ಬೇಕು. ಮೂರಕ್ಕೆ ಹದಿನೈದರಿಂದ ಹದಿನೆಂಟು. ನಮ್ಮೂರಲ್ಲಿ ಟ್ರೇಲರ್ ಸಮೇತ ಇರೋದು ಹನ್ನೊಂದು, ಅದರಲ್ಲಿ ಎರಡು ವರ್ಷವಿಡೀ ಇಟ್ಟಿಗೆ ಗೂಡಿಗೆ ಹೋಗ್ತವೆ. ಟ್ರ್ಯಾಕ್ಟರ್ ಕಾಯ್ತಾ ನಿಂತ ಜೆಸಿಬಿಗೂ ಬಾಡಿಗೆ ಗಂಟೆ ಲೆಕ್ಕದಲ್ಲೇ ಓಡುತ್ತೆ. ಎಷ್ಟೋ ಊರ ಕೆಲಸಗಳಲ್ಲಿ ದುಡ್ಡು ಸೋರಿ ಹೋಗೋದು ಇಲ್ಲೇ. ಯಾರೂ ತಿಂದಿರಲ್ಲ, ಆದರೂ ಖಾಲಿಯಾಗಿರುತ್ತೆ, ಆಮೇಲೆ ಲೆಕ್ಕ ಇಟ್ಟವನ ಮೇಲೆ ಅನುಮಾನ.

ಈಗ ಇದಕ್ಕಿಂತ ದೊಡ್ಡ ವಿಷಯ. ಇಪ್ಪತ್ತು ಎಕರೆ-ಅಡಿ ಗೋಡು ತೆಗೆದರೆ ಸುಮಾರು 2.46 ಕೋಟಿ ಲೀಟರ್ ನೀರಿಗೆ ಜಾಗ ಆಗುತ್ತೆ. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಎರಡೂವರೆ ಸಾವಿರ ಟ್ಯಾಂಕರ್ ಹತ್ತಿರ. ಕೇಳೋಕೆ ಚೆನ್ನಾಗಿದೆ. ಆದರೆ ಈಗಿರೋ ಜಾಗವೇ ಎಷ್ಟು ವರ್ಷ ತುಂಬಿದೆ ಹೇಳಿ? 2022ರಲ್ಲಿ ತುಂಬಿತು, ನಿಜ. ಆ ವರ್ಷ 1933ರ ನಂತರ ಮೊದಲ ಸಲ ವಾಣಿವಿಲಾಸ ಸಾಗರವೇ ಕೋಡಿ ಬಿತ್ತು, ನಮ್ಮ ಸೀಮೆಯಲ್ಲಿ ಯಾವ ಕೆರೆ ತಾನೇ ತುಂಬಲಿಲ್ಲ. ಆ ವರ್ಷದ ನೆನಪಲ್ಲಿ ಕೆರೆ ಕೆಲಸದ ಲೆಕ್ಕ ಹಾಕಬಾರದು. ಅದರ ಹಿಂದಿನ ಹತ್ತು ವರ್ಷ ತಗೊಳ್ಳಿ, ನೀರುಗಂಟಿ ತಾತನ್ನ ಕೇಳಿ, ನೀರು ಕೋಡಿ ಮುಟ್ಟಿದ್ದು ಎಷ್ಟು ಸಲ ಅಂತ ಬೆರಳಲ್ಲಿ ಎಣಿಸ್ತಾರೆ. ಈಗಿರೋ ಪಾತ್ರೆಯೇ ತುಂಬದೇ ಇರುವಾಗ ದೊಡ್ಡ ಪಾತ್ರೆ ತಂದಿಟ್ಟರೆ ಏನು ಬಂತು?

ಮೇಲಿನ ಹಳ್ಳದಿಂದ ನಮ್ಮ ಕೆರೆಗೆ ಬರೋ ಕಾಲುವೆ ಹೆಚ್ಚುಕಮ್ಮಿ ಎರಡು ಕಿಲೋಮೀಟರ್. ಅದರ ಉದ್ದಕ್ಕೂ ನಡೆದುಕೊಂಡು ಹೋಗಿ ನೋಡಿ. ಅರ್ಧ ದಾರಿ ಬಳ್ಳಾರಿ ಜಾಲಿ. ರಸ್ತೆ ದಾಟೋ ಕಡೆ ಹಾಕಿರೋ ಪೈಪು ಮುಕ್ಕಾಲು ಮಣ್ಣು ತುಂಬಿ ಕೂತಿದೆ. ಎರಡು ಕಡೆ ಕಾಲುವೆ ಅಗಲ ಬದುವಿನ ಜೊತೆ ಸೇರಿಕೊಂಡು ಅರ್ಧಕ್ಕೆ ಇಳಿದಿದೆ. ಯಾರ ಬದು ಅಂತ ನಾನು ಬರೆಯಲ್ಲ, ಅವರಿಗೂ ಗೊತ್ತು, ನಮಗೂ ಗೊತ್ತು. ಜೋರು ಮಳೆ ಬಂದಾಗ ಮೇಲಿನ ನೀರು ಕೆರೆಗೆ ಬರದೆ ಆ ಕಡೆ ಹೊಲ ನುಗ್ಗಿ ಪಕ್ಕದ ಹಳ್ಳಕ್ಕೆ ಹೋಗುತ್ತೆ. ಈ ಕಾಲುವೆ ಸರಿ ಮಾಡೋಕೆ ಒಂದು ಜೆಸಿಬಿಗೆ ಐದಾರು ದಿನದ ಕೆಲಸ. ಇಡೀ ಗೋಡಿನ ಖರ್ಚಿನ ಮುಂದೆ ಇದು ಏನೇನೂ ಅಲ್ಲ. ಆದರೆ ಇದಕ್ಕೆ ಮುಂಚೆ ಆಗಬೇಕಾದ ಕೆಲಸ ಕಷ್ಟದ್ದು. ತಾಲ್ಲೂಕು ಸರ್ವೆಯರ್ ಕರೆಸಿ ಕೆರೆ ಮತ್ತು ಕಾಲುವೆ ಎರಡಕ್ಕೂ ಹದ್ದುಬಸ್ತು ಮಾಡಿಸಿ ಕಲ್ಲು ನೆಡಬೇಕು. ಅರ್ಜಿ ಹಾಕಿ ತಾರೀಖು ಬರೋಕೆ ವಾರಗಟ್ಟಲೆ ಹಿಡಿಯುತ್ತೆ, ಅದಕ್ಕೇ ಇವತ್ತೇ ಹಾಕಿ ಅನ್ನೋದು. ಜೆಸಿಬಿ ನಿಂತಿರುವಾಗ ಬದು ಜಗಳ ಶುರುವಾದರೆ ಎರಡೂ ಹಾಳು.

ಈ ವಿಷಯ ಹೊಸದೇನಲ್ಲ. ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಕೆರೆ ಶಾಸನ ಇದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಭವದೂರ ಕಟ್ಟಿಸಿದ ಕೆರೆ. ದಿನಕ್ಕೆ ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ ಅಂತ ಅದರಲ್ಲಿ ಲೆಕ್ಕ ಇದೆ. ಒಳ್ಳೇ ಕೆರೆಗೆ ಹನ್ನೆರಡು ಅಂಗ, ಕೆಟ್ಟ ಕೆರೆಗೆ ಆರು ದೋಷ ಅಂತ ಪಟ್ಟಿ ಮಾಡಿದ್ದಾರೆ. ಆ ಅಂಗಗಳಲ್ಲಿ ನೀರಿನ ವಿದ್ಯೆ ಬಲ್ಲವನು ಒಬ್ಬ ಇರಬೇಕು, ಕೆಲಸ ಬಲ್ಲ ಆಳುಗಳ ಗುಂಪು ಇರಬೇಕು ಅನ್ನೋದೂ ಸೇರಿದೆ. ದೋಷಗಳ ಪಟ್ಟಿ ಓದಿದರೆ ನಮ್ಮೂರಿಗೇ ಬರೆದಂಗಿದೆ: ಏರಿಯಿಂದ ನೀರು ಜಿನುಗೋದು, ಚೌಳು ಮಣ್ಣು, ಎರಡು ರಾಜ್ಯದ ಗಡಿಯಲ್ಲಿ ಇರೋದು, ಕೆರೆ ಮಧ್ಯೆ ದಿಬ್ಬ, ಜಾಗ ಜಾಸ್ತಿ ನೀರು ಕಮ್ಮಿ, ಜಾಗ ಕಮ್ಮಿ ನೀರು ಜಾಸ್ತಿ. ರಾಜ್ಯದ ಬದಲು ಎರಡು ಪಂಚಾಯ್ತಿ ಗಡಿ ಅಂತ ಓದಿಕೊಳ್ಳಿ, ನಮ್ಮ ಕಾಲುವೆ ಕಥೆ ಅದೇ.

ಗೋಡು ತೆಗೆಯೋದೇ ಬೇಡ ಅಂತ ನಾನು ಹೇಳ್ತಿಲ್ಲ. ಮೇಲಿನ ಜೇಡಿ ಪದರ ಕಟ್ಟಿಕೊಂಡಿರೋ ಕಡೆ ತೆಗೆದರೆ ನೀರು ಇಂಗುತ್ತೆ, ಸುತ್ತಲಿನ ಬೋರ್‌ವೆಲ್‌ಗಳಿಗೆ ಜೀವ ಬರುತ್ತೆ. ಗೋಡು ಬಿದ್ದ ಕೆಂಪು ಹೊಲದಲ್ಲಿ ರಾಗಿ ಹೆಂಗೆ ಬರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಆದರೆ ಯಾವುದಕ್ಕೆ ತೆಗೀತೀವಿ ಅನ್ನೋದು ಒಂದು ಸಲ ಬಾಯಿಬಿಟ್ಟು ಹೇಳಿ ತೀರ್ಮಾನ ಆಗಬೇಕು. ಅಚ್ಚುಕಟ್ಟಿನವರಿಗೆ ತೂಬಲ್ಲಿ ನೀರು ಬೇಕು. ತೂಬಿನ ಮಟ್ಟಕ್ಕಿಂತ ಕೆಳಗೆ ಅಗೆದ ಗುಂಡಿಯ ನೀರು ಅವರಿಗೆ ಒಂದು ಹನಿಯೂ ಬರಲ್ಲ. ಬೋರ್‌ವೆಲ್ ಇರೋರಿಗೆ ನೀರು ಇಂಗಿದರೆ ಸಾಕು. ಮೀನು ಹರಾಜು ಹಿಡಿದವರಿಗೆ ಇಂಗದೆ ನಿಂತರೆ ಲಾಭ. ಕುರಿ, ದನ ಇರೋರಿಗೆ ಬೇಸಿಗೆ ಕೊನೇವರೆಗೂ ಒಂದು ಕಡೆ ನೀರು ಉಳಿದರೆ ಸಾಕು. ಅಡಿಕೆ ತೋಟದವರಿಗೆ ನಿಜವಾಗಿ ಬೇಕಿರೋದು ಮಣ್ಣು. ಎಲ್ಲರೂ 'ಕೆರೆ ಕೆಲಸ' ಅಂತ ಒಂದೇ ಹೆಸರು ಹೇಳಿ ಚಂದಾ ಕೊಡ್ತಾರೆ, ಮನಸ್ಸಲ್ಲಿ ಐದು ಬೇರೆ ಬೇರೆ ಕೆಲಸ ಇರುತ್ತೆ. ಎಲ್ಲಿ ಅಗೀಬೇಕು ಅನ್ನೋ ಜಗಳ ಹುಟ್ಟೋದು ಇದರಿಂದಲೇ. ನನ್ನ ಮತ ಕೇಳಿದರೆ ದನಕರು ಮತ್ತು ಇಂಗು ನೀರು ಮೊದಲು, ಅಚ್ಚುಕಟ್ಟು ಆಮೇಲೆ. ಅಚ್ಚುಕಟ್ಟಲ್ಲಿ ಈಗ ಗದ್ದೆ ಉಳಿದಿರೋದೇ ನಾಲ್ಕಾರು ಎಕರೆ. ಬೇರೆ ಮತ ಇರೋರು ಹೇಳಿ, ಆದರೆ ಒಂದು ಅಂತ ನಿಲ್ಲಿಸಿ.

ಮಣ್ಣಿನ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಮೇಲಿನ ಒಂದೂವರೆ, ಎರಡು ಅಡಿ ಕಪ್ಪು ಗೋಡಿಗೆ ಎಲ್ಲರೂ ಟ್ರ್ಯಾಕ್ಟರ್ ತರ್ತಾರೆ. ಅದರ ಕೆಳಗೆ ಗಟ್ಟಿ ಜೇಡಿ, ಮರಳು ಮಿಶ್ರಿತ ಮಣ್ಣು ಬಂದ ತಕ್ಷಣ ಒಬ್ಬೊಬ್ಬರಾಗಿ 'ನಮ್ಮ ಹೊಲಕ್ಕೆ ಸಾಕು ಕಣಣ್ಣ' ಅಂತ ಜಾಗ ಖಾಲಿ ಮಾಡ್ತಾರೆ. ಯಾರಿಗೂ ಬೇಡದ ಆ ಮಣ್ಣನ್ನ ಏರಿ ತಗ್ಗು ತುಂಬೋಕೆ, ಸ್ಮಶಾನದ ದಾರಿಗೆ, ಎಲ್ಲಿಗೆ ಹಾಕ್ತೀವಿ ಅಂತ ಮೊದಲೇ ಗುರುತು ಮಾಡಿ, ಅದರ ಡೀಸೆಲ್ಲಿಗೆ ಸಂಘದ ದುಡ್ಡಲ್ಲಿ ಬೇರೆ ಎತ್ತಿಡಬೇಕು. ಇಲ್ಲಾಂದರೆ ಅದು ಅಂಗಳದಲ್ಲೇ ಗುಡ್ಡೆಯಾಗಿ ಉಳಿದು ಮೊದಲ ಮಳೆಗೆ ಮತ್ತೆ ಗುಂಡಿಗೇ ಇಳಿಯುತ್ತೆ. ಈಗ ಅಂಚಿನ ಕಡೆ ಒಣಗಿದೆ. ನಾಲ್ಕೈದು ಜಾಗದಲ್ಲಿ ಆಳೆತ್ತರ ಗುಂಡಿ ಹೊಡೆಸಿ ನೋಡಿದರೆ ಗೋಡು ಎಷ್ಟು ಅಡಿ ಇದೆ, ಹಳೇ ನೆಲ ಎಲ್ಲಿ ಸಿಗುತ್ತೆ ಅಂತ ಬಣ್ಣದಲ್ಲೇ ಗೊತ್ತಾಗುತ್ತೆ. ನಾಲ್ಕು ಅಡಿ ಅನ್ನೋ ಸಂಖ್ಯೆ ಯಾರ ಬಾಯಿಂದ ಬಂತೋ ಗೊತ್ತಿಲ್ಲ, ಗುಂಡಿ ಹೊಡೆದು ಯಾರೂ ನೋಡಿಲ್ಲ. ಹಾಗೇ ಒಂದು ಹಿಡಿ ಮಣ್ಣು ಕೃಷಿ ವಿಜ್ಞಾನ ಕೇಂದ್ರಕ್ಕೆ ಪರೀಕ್ಷೆಗೆ ಕೊಡಿ. ಚೌಳು ಇದ್ದರೆ ಹೊಲಕ್ಕೆ ಹೊಡೆಯೋದು ತಿಳಿದೂ ತಿಳಿದು ಉಪ್ಪು ಸುರಿದಂಗೆ.

ಅನುಮತಿ ಬಗ್ಗೆ ಚಿಕ್ಕದಾಗಿ. ನಮ್ಮ ರಾಜ್ಯದಲ್ಲಿ 40 ಹೆಕ್ಟೇರಿಗಿಂತ ಕಮ್ಮಿ ಅಚ್ಚುಕಟ್ಟಿನ ಕೆರೆ ಜಿಲ್ಲಾ ಪಂಚಾಯ್ತಿಗೆ, ಅದಕ್ಕಿಂತ ದೊಡ್ಡದು 2,000 ಹೆಕ್ಟೇರ್‌ವರೆಗೆ ಸಣ್ಣ ನೀರಾವರಿ ಇಲಾಖೆಗೆ ಸೇರುತ್ತೆ. ನಮ್ಮದು ಮೊದಲನೇದು. ಬಾಯಿಮಾತಿನ 'ಮಾಡ್ಕೊಳ್ಳಿ' ಸಾಲದು, ಕಾಗದ ಬೇಕು. ಏರಿ ಬುಡದಿಂದ ಎಷ್ಟು ದೂರ ಬಿಟ್ಟು ಅಗೀಬೇಕು, ಎಷ್ಟು ಆಳ ಹೋಗಬಹುದು ಅನ್ನೋದನ್ನ ಇಂಜಿನಿಯರ್ ಕೈಲಿ ಅದೇ ಕಾಗದದಲ್ಲಿ ಬರೆಸಿಕೊಳ್ಳಬೇಕು. ಏರಿ ಬುಡದ ಮಣ್ಣು ಹತ್ತಿರ, ಸುಲಭ ಅಂತ ಬಕೆಟ್ ಹಾಕಿದರೆ ಏರಿ ಕಾಲು ಕಿತ್ತಂಗೆ. ಮಣ್ಣು ಮಾರೋ ಆಸೆ ಇಟ್ಟುಕೊಂಡಿರೋರು ಅದನ್ನ ಈಗಲೇ ಬಿಡಿ, ಅದರ ಕಾನೂನೇ ಬೇರೆ, ಇಡೀ ಕೆಲಸ ನಿಂತುಹೋಗುತ್ತೆ.

ಇನ್ನು ಕೆಲಸ ನಡೆಸೋ ರೀತಿ. ಇದರ ಮೇಲೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಐದು ಎಕರೆಯನ್ನೂ ಒಟ್ಟಿಗೆ ಕೆರೆಯೋದು ಬೇಡ. ಅರ್ಧರ್ಧ ಎಕರೆ ಪಟ್ಟಿ ಮಾಡಿ, ಒಂದು ಪಟ್ಟಿ ಪೂರ್ತಿ ಆಳ ತೆಗೆದು, ತಳ ಮಟ್ಟ ಮಾಡಿ, ಅಂಚು ಇಳಿಜಾರು ಮಾಡಿ ಮುಗಿಸಿದ ಮೇಲೆಯೇ ಮುಂದಿನದು. ಹಿಂಗೆ ಮಾಡಿದರೆ ದುಡ್ಡು ಮುಗಿಯಲಿ, ಮಳೆ ಬರಲಿ, ಜೆಸಿಬಿಯವನು ಬೇರೆ ಕೆಲಸಕ್ಕೆ ಓಡಿಹೋಗಲಿ, ಅಲ್ಲಿವರೆಗೆ ಆಗಿದ್ದು ಆದಂಗೇ. ಎಲ್ಲಾ ಕಡೆ ಅರ್ಧ ಅರ್ಧ ಬಿಟ್ಟರೆ ಆಗೋದೇನು ಅಂತ ಹತ್ತಿರದ ಒಂದು ಊರಲ್ಲಿ ನೋಡಬಹುದು. ಅಲ್ಲಲ್ಲಿ ಹತ್ತು ಅಡಿ ಗುಂಡಿ, ಗೋಡೆ ಹಾಗೆ ನೇರ ಅಂಚು, ಮಧ್ಯೆ ದಿಬ್ಬ. ದನ ನೀರಿಗೆ ಇಳಿಯೋಕೆ ಹೆದರ್ತವೆ. ಮೇಲಿಂದ ನೋಡಿದರೆ ಮೊಣಕಾಲುದ್ದ ನೀರು ಅನ್ಸುತ್ತೆ, ಒಂದು ಹೆಜ್ಜೆ ಆಚೆ ಇಟ್ಟರೆ ಆಳು ಮುಳುಗುತ್ತೆ. ಕೆರೆ ಗುಂಡಿಯಲ್ಲಿ ಈಜೋಕೆ ಹೋದ ಹುಡುಗರ ಸುದ್ದಿ ಪ್ರತಿ ವರ್ಷ ಪೇಪರಲ್ಲಿ ಓದ್ತೀವಿ. ನಮ್ಮ ಶಾಲೆ ಮಕ್ಕಳು ಬೇಸಿಗೆ ರಜದಲ್ಲಿ ಎಲ್ಲಿರ್ತಾರೆ ಅಂತ ನಮಗೆ ಗೊತ್ತು. ಒಂದು ಪಟ್ಟಿ ಕಮ್ಮಿ ಅಗೆದರೂ ಚಿಂತೆ ಇಲ್ಲ, ನೇರ ಅಂಚಿನ ಒಂದು ಗುಂಡಿಯೂ ಉಳೀಬಾರದು. ಈ ಒಂದು ವಿಷಯದಲ್ಲಿ ನಾನು ರಾಜಿ ಆಗಲ್ಲ.

ಅಳತೆಗೆ ಹಳೇ ಬೋವಿ ಜನ ಮಾಡ್ತಿದ್ದ ಉಪಾಯವೇ ಸಾಕು. ಅಗೆಯೋ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ಮಣ್ಣಿನ ದಿಬ್ಬ ಮುಟ್ಟದೆ ಬಿಡೋದು. ಅದರ ತಲೆಯಿಂದ ಕೆಳಕ್ಕೆ ಟೇಪು ಹಿಡಿದರೆ ಎಷ್ಟು ಆಳ ಹೋಯಿತು ಅಂತ ಯಾರು ಬೇಕಾದರೂ ನೋಡಬಹುದು. ಲೆಕ್ಕ ಚುಕ್ತಾ ಆದಮೇಲೆ ಆ ದಿಬ್ಬನೂ ತೆಗೆಯೋದು. ಲೋಡಿಗೊಂದು ಚೀಟಿ, ಸಂಜೆ ಆರಕ್ಕೆ ಚೀಟಿ ಎಣಿಸಿ ಪುಸ್ತಕಕ್ಕೆ ಬರೆದು, ಆ ಪುಟದ ಫೋಟೋ ಅವತ್ತೇ ಊರ ವಾಟ್ಸಾಪ್ ಗ್ರೂಪಿಗೆ. ಜೆಸಿಬಿ ಗಂಟೆ, ಲೋಡು, ಕೊಟ್ಟ ದುಡ್ಡು, ಉಳಿದ ದುಡ್ಡು, ನಾಲ್ಕೇ ಸಾಲು. ಇದನ್ನ ವಾರಕ್ಕೊಂದು ಸಲ ಮಾಡ್ತೀವಿ ಅಂದರೆ ಆಗಲ್ಲ, ವಾರದ ಲೆಕ್ಕದಲ್ಲಿ ಎರಡು ದಿನ ನೆನಪೇ ಇರಲ್ಲ.

ಹಾಗೇ ಇಪ್ಪತ್ತೊಂದು ಜನರ ಸಮಿತಿ ಮಾಡಿದ್ದೀವಿ, ಇರಲಿ, ಹಣ ಮತ್ತು ಜಾಗದ ತೀರ್ಮಾನಕ್ಕೆ ಅವರು ಬೇಕು. ಆದರೆ ಬೆಳಿಗ್ಗೆ ಏಳಕ್ಕೆ ಅಂಗಳದಲ್ಲಿ ನಿಂತು 'ಇಲ್ಲಿ ಅಗೀರಿ, ಇಲ್ಲಿ ಬೇಡ' ಅನ್ನೋ ಬಾಯಿ ಒಂದೇ ಇರಬೇಕು. ಜೆಸಿಬಿ ಡ್ರೈವರ್‌ಗೆ ಮೂರು ಜನ ಮೂರು ಕಡೆ ಕೈ ತೋರಿಸಿದರೆ ಅವನು ತನಗೆ ಸುಲಭ ಇರೋ ಕಡೆ ಅಗೀತಾನೆ. ಆ ಒಬ್ಬರಿಗೆ ದಿನಗೂಲಿ ಕೊಡಿ. ಸೇವೆ ಅಂತ ಬಿಟ್ಟಿ ನಿಲ್ಲಿಸಿದರೆ ಹತ್ತು ದಿನಕ್ಕೆ ಅವರ ತೋಟ ಒಣಗುತ್ತೆ, ಹನ್ನೊಂದನೇ ದಿನ ಬರಲ್ಲ, ಅದು ತಪ್ಪೂ ಅಲ್ಲ.

ಕೊನೇ ಭಾಗ ಯಾರೂ ಕೇಳಿಸಿಕೊಳ್ಳಲ್ಲ, ಆದರೂ ಬರೀತೀನಿ. ಚಂದಾ ದುಡ್ಡಲ್ಲಿ ನೂರಕ್ಕೆ ಹದಿನೈದು ಈಗಲೇ ಬ್ಯಾಂಕಲ್ಲಿ ಬೇರೆ ಹಾಕಿ, ಎರಡು ಮಳೆಗಾಲ ಮುಗಿಯೋವರೆಗೂ ಮುಟ್ಟಬಾರದು. ಅಗೆದ ಕೆರೆಗೆ ಮೊದಲ ದೊಡ್ಡ ನೀರು ಬಂದಾಗ ಏರಿ ಎಲ್ಲಿ ಜಿನುಗುತ್ತೆ, ತೂಬಿನ ಪಕ್ಕ ಮಣ್ಣು ಕುಸಿಯುತ್ತಾ ಅಂತ ಆ ರಾತ್ರಿ ಬ್ಯಾಟರಿ ಹಿಡಿದು ನೋಡೋರು ಬೇಕು. ಕಾಲುವೆ ಕೆರೆಗೆ ಸೇರೋ ಬಾಯಲ್ಲಿ ಒಂದು ಗೋಡು ತಡೆಯೋ ಗುಂಡಿ ಮಾಡಿ, ಪ್ರತಿ ಬೇಸಿಗೆ ಅದೊಂದನ್ನ ಖಾಲಿ ಮಾಡಿಸಿದರೆ ಒಳಗೆ ಗೋಡು ತುಂಬೋದು ಎಷ್ಟೋ ನಿಧಾನ ಆಗುತ್ತೆ. ಏರಿ ಮೇಲಿನ ಜಾಲಿ ವರ್ಷಕ್ಕೊಂದು ಸಲ ಬುಡ ಸಮೇತ ಹೋಗಬೇಕು. ಹಳೇ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಅಂತ ಬರುತ್ತೆ, ಕೆರೆ ಕಟ್ಟಿದವರಿಗೆ, ನೋಡಿಕೊಳ್ಳೋರಿಗೆ ಬಿಟ್ಟ ಜಮೀನು. ಕೆರೆ ಕಟ್ಟಿದ ದಿನವೇ ಅದರ ಮುಂದಿನ ಖರ್ಚಿಗೂ ದಾರಿ ಮಾಡಿಡ್ತಿದ್ದರು. ನಾವು ಉದ್ಘಾಟನೆಗೆ ಶಾಮಿಯಾನ ಹಾಕಿಸೋ ದುಡ್ಡಲ್ಲಿ ನೀರುಗಂಟಿಗೆ ಎಷ್ಟು ತಿಂಗಳ ಸಂಬಳ ಆಗುತ್ತೆ ಅಂತ ಲೆಕ್ಕ ಹಾಕಿ.

ಕೋಡಿ ಬಗ್ಗೆ ಒಂದು ಎಚ್ಚರಿಕೆ. ನೀರು ಜಾಸ್ತಿ ನಿಲ್ಲಲಿ ಅಂತ ಕೋಡಿ ಮೇಲೆ ಮರಳು ಚೀಲ, ಸಿಮೆಂಟ್ ಕಟ್ಟೆ ಕಟ್ಟೋಣ ಅಂತ ಇಬ್ಬರು ಮೂವರು ಹೇಳ್ತಿದ್ದಾರೆ. ದಯವಿಟ್ಟು ಬೇಡ. ಕೋಡಿಗಿಂತ ಏರಿ ಇಷ್ಟು ಎತ್ತರ ಇರಬೇಕು ಅಂತ ಕಟ್ಟಿದವರು ಲೆಕ್ಕ ಹಾಕಿಯೇ ಕಟ್ಟಿರ್ತಾರೆ. ಕೋಡಿ ಒಂದು ಅಡಿ ಏರಿಸಿದರೆ ಜೋರು ನೀರಿನ ರಾತ್ರಿ ಏರಿ ಮೇಲೆ ನೀರು ಹತ್ತೋಕೆ ಒಂದು ಅಡಿ ಕಮ್ಮಿ ಸಾಕು. ಕೆಳಗೆ ಮನೆಗಳಿವೆ.

ಈಗ ಅಕ್ಕಪಕ್ಕದ ಊರಿನವರಿಗೆ. ನಮ್ಮ ಹನ್ನೊಂದರಲ್ಲಿ ದಿನಾ ಸಿಗೋದು ಒಂಬತ್ತೇ ಟ್ರ್ಯಾಕ್ಟರ್, ಇನ್ನೂ ಆರರಿಂದ ಒಂಬತ್ತು ಬೇಕು. ಮಾರ್ಚ್‌ನಿಂದ ಏಪ್ರಿಲ್ ಕೊನೇವರೆಗೆ ಬರೋರಿಗೆ ಮೇಲಿನ ಕಪ್ಪು ಗೋಡಲ್ಲಿ ನಮ್ಮೂರಿನವರಷ್ಟೇ ಪಾಲು. ಆದರೆ ಮೂರು ಲೋಡು ಗೋಡು ಒಯ್ದವರು ಒಂದು ಲೋಡು ಕೆಳಗಿನ ಮಣ್ಣನ್ನ ನಾವು ಹೇಳಿದ ಜಾಗಕ್ಕೆ ಹಾಕಬೇಕು, ಆ ಲೋಡಿನ ಡೀಸೆಲ್ ಸಂಘದ್ದು. ಈ ಒಪ್ಪಂದ ಸಮಿತಿ ಮುಂದೆ ಇಟ್ಟಿದ್ದೀನಿ, ಇನ್ನೂ ಒಪ್ಪಿಲ್ಲ. ಯಾರು ಎಷ್ಟು ದಿನ ಬರಬಹುದು, ಟ್ರೇಲರ್ ಎಷ್ಟು ಅಡಿದು, ಹೊಲ ಕೆರೆಯಿಂದ ಎಷ್ಟು ದೂರ ಅಂತ ಕೆಳಗೆ ಬರೆದು ತಿಳಿಸಿ. ಕಾಲುವೆ ನಡೆದು ನೋಡೋಕೆ ಬರೋರು ಭಾನುವಾರ ಬೆಳಿಗ್ಗೆ ಏಳಕ್ಕೆ ಮೇಲಿನ ಹಳ್ಳದ ಹತ್ತಿರ ಬನ್ನಿ. ಟೇಪು ನಾನು ತರ್ತೀನಿ, ಜಾಲಿ ಮುಳ್ಳು ಐತೆ, ಗಟ್ಟಿ ಚಪ್ಪಲಿ ಹಾಕ್ಕೊಂಡು ಬನ್ನಿ.